ದೊಡ್ಡಕ್ಕನ ಹೆಬ್ಬೆರಳು

ಬಾಟಲಿ ತೊಳೆಯುವುದೇನು ಮಹಾ ವಿದ್ಯೆ ಎನ್ನುವವರನ್ನು ಒಂದು ದಿನದ ಮಟ್ಟಿಗೆ ದೊಡ್ಡಕ್ಕನ ತೊಟ್ಟಿಯ ಮುಂದೆ ತಂದು ನಿಲ್ಲಿಸಬೇಕು. ಸಂಜೆಯಷ್ಟರಲ್ಲಿ ಅವರ ಸೊಂಟವೂ ಹಿಡಿದಿರುತ್ತದೆ, ಬಾಯಿಯೂ ಮುಚ್ಚಿರುತ್ತದೆ. ಮೊದಲು ಬಿಸಿನೀರು, ಆಮೇಲೆ ಸೋಪಿನ ನೀರಿನಲ್ಲಿ ಉದ್ದ ಬ್ರಶ್ಶು, ಆಮೇಲೆ ನಲ್ಲಿಯ ನೀರಿನಲ್ಲಿ ಏಳು ಸಲ, ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ. ಇಷ್ಟಾದ ಮೇಲೆ ದೊಡ್ಡಕ್ಕ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಬಲಗೈ ಹೆಬ್ಬೆರಳನ್ನು ಅದರ ಕೊರಳೊಳಗೆ ಇಳಿಸಿ ಒಂದು ಸುತ್ತು ತಿರುಗಿಸುತ್ತಾಳೆ. ಗಾಜು ಕಿರ್ರ್ ಎನ್ನಬೇಕು. ಕಿರ್ರ್ ಎಂದರೆ ಬಾಟಲಿ ಪಾಸು, ಮೆತ್ತಗೆ ಜಾರಿದರೆ ಫೇಲು, ಮತ್ತೆ ಬಿಸಿನೀರಿನಿಂದ ಶುರು.

ಈ ಹೆಬ್ಬೆರಳಿನ ಪರೀಕ್ಷೆಯನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ, ಯಾವ ಪುಸ್ತಕದಲ್ಲೂ ಬರೆದಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ಮೂರನೇ ಮಹಡಿಯ ಆ ಪ್ರಯೋಗಾಲಯಕ್ಕೆ ಸೇರಿದ ಮೊದಲ ತಿಂಗಳಲ್ಲೇ ತಾನಾಗಿ ಕಂಡುಕೊಂಡದ್ದು. ಅಂದಿನಿಂದ ಅಲ್ಲಿ ಬೆಳೆಸಿದ ಜೀವಕೋಶ ಅವಳ ಬಾಟಲಿಯ ದೋಷದಿಂದ ಕೆಟ್ಟಿತು ಎಂಬ ಮಾತು ಬಂದಿರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂನಿಂದ ಹಿಡಿದು ಲಿಫ್ಟಿನವನವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕ. ಹೊರಗಿನಿಂದ ದೊಡ್ಡ ದೊಡ್ಡ ವಿಜ್ಞಾನಿಗಳು ಬಂದಾಗ ಮೇಡಂ ಕೋಟಿ ಬೆಲೆಯ ಯಂತ್ರಗಳನ್ನು ತೋರಿಸಿದ ಮೇಲೆ ತೊಟ್ಟಿಯ ಹತ್ತಿರ ಕರೆತಂದು, "ನಮ್ಮ ಫಲಿತಾಂಶ ಎಲ್ಲ ಇಲ್ಲಿಂದ ಶುರುವಾಗೋದು" ಎನ್ನುತ್ತಿದ್ದರು. ದೊಡ್ಡಕ್ಕ ತಲೆ ತಗ್ಗಿಸಿ ಬ್ರಶ್ಶು ಆಡಿಸುತ್ತಿದ್ದಳು. ತಗ್ಗಿಸಿದ್ದು ನಾಚಿಕೆಯಿಂದಲ್ಲ, ನಗು ಕಾಣಬಾರದೆಂದು.

ಅವಳ ಯಜಮಾನರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಒಂದು ಸಲ ಅವರಿಗೆ ತಡೆಯಲಾಗದೆ ಕೇಳಿಯೇಬಿಟ್ಟಿದ್ದರು.

"ಅಲ್ಲ ಕಣೇ, ಅಷ್ಟು ಉಜ್ಜಿ ಉಜ್ಜಿ ಇಡ್ತೀಯಲ್ಲ, ಅದರೊಳಗೆ ಅಂಥದ್ದೇನು ತುಂಬ್ತಾರೆ?"

"ಕೋಶಗಳಿಗೆ ಊಟ. ಮನುಷ್ಯರ ರಕ್ತದಿಂದ ತೆಗೆದ ಕಾವಲು ಕೋಶಗಳು, ರೀ. ಮೈಗೆ ಗಾಯ ಆದರೆ ಓಡಿ ಬಂದು ಉರಿ ಎಬ್ಬಿಸೋವೂ ಅವೇ, ಆಮೇಲೆ ಸಾಕು ಸಾಕು ಅಂತ ಉರಿ ಆರಿಸೋವೂ ಅವೇ. ನಮ್ಮಲ್ಲಿ ಆರಿಸೋ ಕೆಲಸದ ಮೇಲೇ ಸಂಶೋಧನೆ."

"ಜಗಳ ಶುರು ಮಾಡಿದವನೇ ಬಿಡಿಸ್ತಾನೆ ಅನ್ನು. ಅವನಿಗೆ ಬುದ್ಧಿ ಯಾರು ಹೇಳ್ತಾರೆ?"

"ಕೋಶದ ಒಳಗೆ ರಿಸೆಪ್ಟರ್ ಅಂತ ಇರುತ್ತೆ. ಸುಮ್ಮನೆ ಬಿದ್ದಿರುತ್ತೆ. ಕೊಬ್ಬಿನ ಜಾತಿಯ ಒಂದು ಸಣ್ಣ ಕಣ ಬಂದು ಅದರ ಮಡಿಲಲ್ಲಿ ಕೂತಿತೋ, ಆಗ ಚುರುಕಾಗುತ್ತೆ. ಸೀದಾ ಡಿಎನ್‌ಎ ಮೇಲೆ ಕೂತು, ಈ ಜೀನ್ ತೆಗೀರಿ, ಆ ಜೀನ್ ಮುಚ್ಚಿ ಅನ್ನುತ್ತೆ. ಅಷ್ಟಕ್ಕೇ ಕೋಶದ ಸ್ವಭಾವವೇ ಬದಲಾಗಿಬಿಡುತ್ತೆ."

ಯಜಮಾನರಿಗೆ ತಟ್ಟನೆ ಹೊಳೆಯಿತು. "ನಮ್ಮ ಡಿಪೋ ಮ್ಯಾನೇಜರ್! ಬಸ್ಸುಗಳೆಲ್ಲ ಇದ್ದಲ್ಲೇ ಇರ್ತವೆ. ಅವನ ಕೈಗೆ ಚೀಟಿ ಬಂದ ಮೇಲೆ, ಇದು ಹೊರಡಲಿ, ಅದು ನಿಲ್ಲಲಿ."

"ಅಂಥ ಮ್ಯಾನೇಜರ್‌ಗಳು ಒಂದು ಕೋಶದಲ್ಲಿ ಹತ್ತಾರು ಜನ ಇದಾರೆ. ಕೊಬ್ಬಿನ ಕಣಕ್ಕೆ ಏಳೋನು ಒಬ್ಬ, ಸ್ಟೀರಾಯ್ಡ್‌ಗೆ ಏಳೋನು ಇನ್ನೊಬ್ಬ. ಈಗ ನೋಡಿ, ಬಾಟಲಿಯಲ್ಲಿ ಒಂದು ಚೂರು ಕೊಳೆ ಉಳಿದು ಯಾವನೋ ಒಬ್ಬ ಎದ್ದುಬಿಟ್ಟ ಅಂದ್ಕೊಳ್ಳಿ. ನಮ್ಮವರು ಪರೀಕ್ಷೆಗೆ ಹಾಕೋ ಔಷಧಿಯಿಂದ ಎದ್ದನೋ, ಕೊಳೆಯಿಂದ ಎದ್ದನೋ ಹೇಗೆ ಗೊತ್ತಾಗಬೇಕು? ಅದಕ್ಕೇ ಪ್ರತಿ ಸಲ ಕೋಶ ಬೆಳೆಸೋ ತಟ್ಟೆಯ ಗುಳಿಗಳಲ್ಲಿ ಕೆಲವಕ್ಕೆ ಏನೂ ಹಾಕದೆ ಬಿಡ್ತಾರೆ. ಏನೂ ಹಾಕದ ಕಡೆ ಏನೂ ಕಾಣಬಾರದು. ಅಲ್ಲಿ ಏನೂ ಕಾಣದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ."

ಬಾಟಲಿಯಷ್ಟೇ ಅಲ್ಲ, ಕೋಶಗಳ ಊಟಕ್ಕೆ ಬೆರೆಸುವ ಸೀರಂ ಕೂಡ ಅವಳ ಜವಾಬ್ದಾರಿ. ಪ್ರಾಣಿಯ ರಕ್ತದಿಂದ ಬರುವ ಆ ಹಳದಿ ನೀರಿನಲ್ಲಿ ಸ್ಟೀರಾಯ್ಡ್ ಜಾತಿಯ ಹಾರ್ಮೋನುಗಳು ಸಹಜವಾಗಿಯೇ ಇರುತ್ತವೆ. ದೊಡ್ಡಕ್ಕ ಅದಕ್ಕೆ ನುಣ್ಣನೆಯ ಇದ್ದಿಲ ಪುಡಿ ಹಾಕಿ, ತಣ್ಣನೆಯ ಕೋಣೆಯಲ್ಲಿ ಗಂಟೆಗಟ್ಟಲೆ ತಿರುಗಿಸಿ, ಇದ್ದಿಲಿಗೆ ಹಾರ್ಮೋನೆಲ್ಲ ಅಂಟಿಕೊಂಡ ಮೇಲೆ ಸೋಸಿ ತೆಗೆಯುತ್ತಾಳೆ. ಆ ದಿನ ಅವಳ ಮೂಗಿನ ಮೇಲೊಂದು ಕಪ್ಪು ಗೆರೆ ಇದ್ದೇ ಇರುತ್ತದೆ.

ಇಂಥ ಕೈಗೆ ಕಜ್ಜಿ ಬಂತು.

ಮೂರು ತಿಂಗಳ ಹಿಂದೆ ಹೊಸ ಬಗೆಯ ಸೋಪು ಬಂದದ್ದೇ ನೆಪ. ಎಡಗೈ ಬಾಟಲಿ ಹಿಡಿಯುವ ಕೈ, ಜಾರದಿರಲೆಂದು ಅದಕ್ಕೆ ಯಾವಾಗಲೂ ಗ್ಲೌಸ್. ಬಲಗೈ ಬರಿಗೈ, ಗಾಜಿನ ಮಾತು ಕೇಳಬೇಕಾದ ಕೈ. ಆ ಕೈಯೇ ಕೆಂಪಗಾಗಿ, ಬೆರಳ ಸಂದಿಯೆಲ್ಲ ಬಿರಿದು, ನೀರು ತಾಗಿದರೆ ಪ್ರಾಣ ಹೋಗುವಷ್ಟು ಉರಿಯತೊಡಗಿತು. ಗೋಡೆಯ ಮೇಲಿನ ನಿಯಮದ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕೈಗೆ ಚರ್ಮದ ತೊಂದರೆ ಇದ್ದವರು ತಿಳಿಸತಕ್ಕದ್ದು, ವಾಸಿಯಾಗುವವರೆಗೆ ತೊಳೆಯುವ ಕೆಲಸ ಮಾಡತಕ್ಕದ್ದಲ್ಲ. ಆ ಹಾಳೆಯನ್ನು ಗೋಡೆಗೆ ಅಂಟಿಸಿದವಳೂ ದೊಡ್ಡಕ್ಕನೇ. ಆದರೆ ತನ್ನ ತೊಟ್ಟಿಯ ಮುಂದೆ ಇನ್ನೊಬ್ಬರು ನಿಂತು ಬಾಟಲಿಯನ್ನು ನಾಲ್ಕು ಸಲ ನೀರಲ್ಲಿ ಅದ್ದಿ ಆಯಿತು ಎನ್ನುವುದನ್ನು ನೆನೆದರೇ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಮನೆಯ ಹಿಂದಿನ ಬೀದಿಯ ಚರ್ಮದ ಡಾಕ್ಟರರು ಒಂದು ಮುಲಾಮು ಬರೆದುಕೊಟ್ಟರು. ಬೆಳಿಗ್ಗೆ ಸ್ನಾನವಾದ ಮೇಲೆ ಒಂದು ಸಲ, ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಇನ್ನೊಂದು ಸಲ. ನಾಲ್ಕೇ ದಿನದಲ್ಲಿ ಉರಿ ಇಳಿಯಿತು. ಪೂರ್ತಿ ಹೋಗಲಿಲ್ಲ, ಆದರೆ ಕೈ ಅವಳ ಮಾತು ಕೇಳುವಷ್ಟಾಯಿತು.

ಸುಮಾರು ಅದೇ ದಿನಗಳಲ್ಲಿ ಗುಂಗಿಗೆ ಕಷ್ಟ ಶುರುವಾಯಿತು.

ಗುಂಗಿ ಎಂದರೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಕೆಲಸ ಮಾಡುವಾಗ ದುಂಬಿಯ ಹಾಗೆ ಗುಂಯ್ ಎಂದು ಏನೋ ಗುನುಗುತ್ತಲೇ ಇರುವುದರಿಂದ ಆ ಹೆಸರು. ಕೊಬ್ಬಿನ ಕಣಕ್ಕೆ ಏಳುವ ರಿಸೆಪ್ಟರ್ ಉರಿ ಆರಿಸುವ ಕೋಶಗಳಲ್ಲಿ ಯಾವ ಯಾವ ಜೀನ್‌ಗಳನ್ನು ತೆರೆಯುತ್ತದೆ ಎಂಬುದು ಅವಳ ನಾಲ್ಕು ವರ್ಷದ ದುಡಿಮೆ. ಮೂರೂಮುಕ್ಕಾಲು ವರ್ಷ ಎಲ್ಲ ಸರಿ ಇತ್ತು. ಈಗ ಕೊನೆಯ ಹಂತದಲ್ಲಿ, ಔಷಧಿ ಹಾಕದ ಗುಳಿಗಳ ಕೋಶಗಳೂ ಅರ್ಧಕ್ಕರ್ಧ ಶಾಂತವಾಗಿ ಕೂತುಬಿಡುತ್ತಿದ್ದವು. ಏನೂ ಹಾಕದ ಕಡೆ ಏನೋ ಕಾಣುತ್ತಿತ್ತು. ಅದೇ ಬಾಟಲಿಗಳನ್ನು ಬಳಸುತ್ತಿದ್ದ ಉಳಿದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬ ಬ್ಯಾಕ್ಟೀರಿಯಾ ಬೆಳೆಸುವವನು, ಇನ್ನೊಬ್ಬಳು ಪ್ರೋಟೀನ್ ತೂಗುವವಳು. ಅವರ ಕೆಲಸಕ್ಕೆ ಯಾವ ವ್ಯತ್ಯಾಸವೂ ಗೊತ್ತಾಗುವಂತಿರಲಿಲ್ಲ. ಹಾಗಾಗಿ ಎಲ್ಲರ ಕಣ್ಣೂ ಗುಂಗಿಯ ಕೈಮೇಲೆ ಬಿತ್ತು.

ಮೇಡಂ ಕೆಟ್ಟವರಲ್ಲ, ಆದರೆ ಕೋಪ ಮೂಗಿನ ತುದಿಯಲ್ಲೇ ಇರುವವರು. "ಮುಂದಿನ ವಾರ ಶುಕ್ರವಾರ ನಿನ್ನ ಪಿಎಚ್‌ಡಿ ಸಮಿತಿ ಕೂರುತ್ತೆ. ಅಷ್ಟರೊಳಗೆ ಇದು ಸರಿಹೋಗದಿದ್ದರೆ ಈ ಅಧ್ಯಾಯ ಬಿಟ್ಟುಬಿಡು. ಶಿಸ್ತಾಗಿ ಕೆಲಸ ಮಾಡೋ ಬೇರೆಯವರಿಗೆ ಕೊಡ್ತೀನಿ. ಹಾಡು ಹೇಳ್ಕೊಂಡು ಮಾಡೋ ಕೆಲಸ ಅಲ್ಲ ಇದು" ಎಂದುಬಿಟ್ಟರು.

ಗುಂಗಿ ತೊಟ್ಟಿಯ ಹತ್ತಿರ ಬಂದು ಗೋಡೆ ಕಡೆ ಮುಖ ಮಾಡಿ ಅತ್ತಳು. ಎರಡು ದಿನದಿಂದ ಅವಳ ಗುನುಗು ನಿಂತಿತ್ತು. ದೊಡ್ಡಕ್ಕ ಬ್ರಶ್ಶು ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದಳು.

"ಅಳಬೇಡ ಕಣೇ. ಈ ಸಲ ನಿನ್ನ ಬಾಟಲಿಗಳನ್ನ ನಾನೇ ಬೇರೆಯಾಗಿ ತೊಳೆದುಕೊಡ್ತೀನಿ. ಒಂದಲ್ಲ, ಎರಡು ಸಲ. ಮೂರು ಸುತ್ತು ಕಿರ್ರ್ ಅನ್ನಿಸಿ ಕೊಡ್ತೀನಿ. ಆಮೇಲೆ ಅದ್ಯಾವ ಕೋಶ ಹಠ ಮಾಡುತ್ತೋ ನಾನೂ ನೋಡ್ತೀನಿ."

ಹೇಳಿದಂತೆ ಮಾಡಿದಳು. ಎರಡು ಪಟ್ಟು ಸೋಪಿಗೆ ಕೈ ಮತ್ತೆ ಕೆರಳಿತು. ನಡುವೆ ಎರಡು ಸಲ ಬಚ್ಚಲಿಗೆ ಹೋಗಿ ಮುಲಾಮು ಹಚ್ಚಿಕೊಂಡು ಬಂದಳು. ಅವತ್ತು ಗಾಜು ಅಷ್ಟು ಸುಲಭಕ್ಕೆ ಕಿರ್ರ್ ಎನ್ನಲಿಲ್ಲ. ಇತ್ತೀಚೆಗೆ ಹಾಗೇ, ಬಾಟಲಿಗೆ ಸ್ವಲ್ಪ ಗಂಟಲು ಕಟ್ಟಿದಂತೆ. ಹಾಳು ಸೋಪು ಎಂದು ಬೈದುಕೊಂಡು, ಹೆಬ್ಬೆರಳನ್ನು ಒತ್ತಿ ಒತ್ತಿ ತಿರುಗಿಸಿ ಸದ್ದು ಬರಿಸಿಯೇ ಬಿಟ್ಟಳು.

ಗುರುವಾರ ಫಲಿತಾಂಶ ಬಂತು. ಔಷಧಿ ಹಾಕದ ಗುಳಿಗಳು ಹಿಂದೆಂದಿಗಿಂತ ಕೆಟ್ಟಿದ್ದವು.

ಆದರೆ ಗುಂಗಿ ಅತ್ತು ಸುಮ್ಮನಾಗುವ ಪೈಕಿ ಅಲ್ಲ. ಈ ಸಲ ಅವಳು ತನಗೆ ಬೇಕಾದ ಜೀನ್‌ಗಳ ಜೊತೆಗೆ ಬೇಡದ ಹತ್ತು ಜೀನ್‌ಗಳನ್ನೂ ಅಳೆದಿದ್ದಳು. ಅವುಗಳಲ್ಲಿ ಒಂದು ಈ ಕೋಶಗಳಲ್ಲಿ ಸ್ಟೀರಾಯ್ಡ್ ರಿಸೆಪ್ಟರ್ ಎದ್ದರೆ ಜೋರಾಗಿ ಏರುವಂಥದ್ದು. ಕೊಬ್ಬಿನ ರಿಸೆಪ್ಟರ್‌ಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಔಷಧಿ ಹಾಕದ ಗುಳಿಯಲ್ಲಿ ಆ ಜೀನ್ ಮುಗಿಲಿಗೆ ಏರಿ ಕೂತಿತ್ತು. ಶುಕ್ರವಾರ ಬೆಳಿಗ್ಗೆ ಎಲ್ಲರೂ ಮೇಜಿನ ಸುತ್ತ ಕೂತಾಗ ಅವಳು ಹಾಳೆ ಮುಂದಿಟ್ಟಳು.

"ಮೇಡಂ, ನನ್ನ ಕೋಶಗಳಿಗೆ ಯಾವುದೋ ದಾರಿಯಿಂದ ಸ್ಟೀರಾಯ್ಡ್ ಸಿಗ್ತಾ ಇದೆ."

"ಸಿಗದೆ ಏನು? ಫ್ರಿಜ್ಜಿನಲ್ಲಿ ಸ್ಟೀರಾಯ್ಡ್ ಶೀಶೆ ನಿನ್ನ ಔಷಧಿಯ ಪಕ್ಕದಲ್ಲೇ ಇದೆ. ನೋಡದೆ ಅದರಿಂದ ತೆಗೆದು ಹಾಕಿದೀಯ."

"ಆ ಶೀಶೆಯ ಸೀಲೇ ಒಡೆದಿಲ್ಲ, ಮೇಡಂ." ಗುಂಗಿ ದನಿ ತಗ್ಗಿಸಿದಳು. "ಬಾಟಲಿಯಲ್ಲೇ ಏನಾದರೂ..."

ತೊಳೆದ ಬಾಟಲಿಗಳ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಬಾಟಲಿ? ನನ್ನ ಬಾಟಲಿ? ನೀನು ಹುಟ್ಟಿ ಅಂಬೆಗಾಲಿಡೋ ಹೊತ್ತಿಗೆ ನಾನು ಈ ತೊಟ್ಟಿ ಮುಂದೆ ನಿಂತಿದ್ದೆ ಕಣಮ್ಮ. ಕೈಯಲ್ಲಿ ಮುತ್ತಿನ ಹಾಗೆ ತೊಳೆದು ಕೊಟ್ಟಿದೀನಿ. ನಿನ್ನ ತಪ್ಪು ಮುಚ್ಚೋಕೆ ನನ್ನ ಬಾಟಲಿ ಬೇಕಾಯ್ತಾ?"

ಗುಂಗಿ ಎದ್ದು ನಿಂತು, "ತಪ್ಪಾಯ್ತು ದೊಡ್ಡಕ್ಕ" ಎಂದು ತನ್ನ ಹಾಳೆ ಮಡಿಚಿಕೊಂಡಳು. ಮೇಡಂ ಕನ್ನಡಕ ತೆಗೆದು, "ಸಮಿತಿಗೆ ಇನ್ನು ಒಂದು ವಾರ ಇದೆ" ಎಂದಷ್ಟೇ ಹೇಳಿದರು. ತೊಟ್ಟಿಗೆ ಮರಳಿದ ದೊಡ್ಡಕ್ಕ ಇಡೀ ದಿನ ಬಾಟಲಿಗಳನ್ನು ಹೆಚ್ಚು ಸದ್ದು ಮಾಡಿ ಇಟ್ಟಳು.

ಭಾನುವಾರ ಮಧ್ಯಾಹ್ನ. ಊಟವಾಗಿತ್ತು. ಯಜಮಾನರು ಹೊಸ ಕನ್ನಡಕ ಹಾಕಿಕೊಂಡು, ಕೈಗೆ ಸಿಕ್ಕಿದ ಸಣ್ಣ ಅಕ್ಷರಗಳನ್ನೆಲ್ಲ ಓದುವ ಹುಚ್ಚಿನಲ್ಲಿದ್ದರು. ಬೆಳಿಗ್ಗೆಯಿಂದ ಬೆಂಕಿಪೊಟ್ಟಣ, ಹಲ್ಲುಪುಡಿ ಡಬ್ಬಿ, ಗಡಿಯಾರದ ಹಿಂಭಾಗ ಎಲ್ಲ ಮುಗಿಸಿದ್ದರು. ದೊಡ್ಡಕ್ಕ ಮುಲಾಮು ಹಚ್ಚಿಕೊಂಡು ಇಟ್ಟ ಟ್ಯೂಬನ್ನೂ ಎತ್ತಿಕೊಂಡರು.

"ದಿನಕ್ಕೆರಡು ಸಲ ತೆಳುವಾಗಿ ಲೇಪಿಸಿ. ಕಣ್ಣಿಗೆ ತಾಗಿಸಬೇಡಿ. ಸಾವಿರಕ್ಕೆ ಒಂದು ಭಾಗ... ಇದೇನೇ ಇದು, ಬೀಟಾ... ಬೀಟಾಮೆಥಾಸೋನ್. ಹೆಸರು ಹೇಳೋಷ್ಟರಲ್ಲಿ ಕಜ್ಜಿ ವಾಸಿಯಾಗುತ್ತೆ."

ದೊಡ್ಡಕ್ಕನ ಕೈ ಅಲ್ಲೇ ನಿಂತಿತು. ಪ್ರಯೋಗಾಲಯದ ಫ್ರಿಜ್ಜಿನ ಎರಡನೇ ಖಾನೆಯ ಶೀಶೆಗಳನ್ನು ವರ್ಷಕ್ಕೆರಡು ಸಲ ಒರೆಸಿ, ಮಾಸಿದ ಚೀಟಿ ಕಿತ್ತು ಹೊಸ ಚೀಟಿ ಅಂಟಿಸುವವಳು ಅವಳೇ. ಥಾಸೋನ್ ಎಂದು ಮುಗಿಯುವ ಹೆಸರಿನವರೆಲ್ಲ ಸ್ಟೀರಾಯ್ಡ್ ಮನೆತನ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಲಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡಳು. ಹೆಬ್ಬೆರಳು ಮಿರಮಿರ ಮಿನುಗುತ್ತಿತ್ತು. ಬಾಟಲಿಗೆ ಗಂಟಲು ಕಟ್ಟಿದ್ದು ಸೋಪಿನಿಂದಲ್ಲ. ಏಳು ಸಲ, ಮೂರು ಸಲ ತೊಳೆದ ಮೇಲೆ ಕೊನೆಯದಾಗಿ ತಾಗುವುದು ಈ ಹೆಬ್ಬೆರಳೇ, ಅದಾದ ಮೇಲೆ ತೊಳೆಯುವುದಿಲ್ಲ. ತೊಳೆದ ಬಾಟಲಿಯನ್ನು ಆವಿಯಲ್ಲಿ ಬೇಯಿಸುವ ಆಟೋಕ್ಲೇವಿನ ಬಿಸಿಗೆ ಕ್ರಿಮಿ ಸಾಯುತ್ತದೆ, ಸ್ಟೀರಾಯ್ಡ್ ಹಾಗೆ ಸಾಯುವ ವಸ್ತುವಲ್ಲ. ಗುಂಗಿಗೆಂದು ವಿಶೇಷವಾಗಿ ಎರಡು ಪಟ್ಟು ತೊಳೆದ ದಿನ ಎರಡು ಪಟ್ಟು ಮುಲಾಮು ಹಚ್ಚಿ, ಮೂರು ಸುತ್ತು ಒತ್ತಿದ್ದಳು. ಇದ್ದಿಲು ಹಾಕಿ ಗಂಟೆಗಟ್ಟಲೆ ತಿರುಗಿಸಿ ತೆಗೆದದ್ದನ್ನು ಹೆಬ್ಬೆರಳಿನಿಂದ ತಾನೇ ವಾಪಸು ಹಾಕಿದ್ದಳು. ತನ್ನ ಕಜ್ಜಿಯ ಉರಿಯನ್ನು ಆರಿಸಿದ ಅದೇ ವಸ್ತು ತಟ್ಟೆಯಲ್ಲಿದ್ದ ಕೋಶಗಳನ್ನೂ ಮಲಗಿಸಿತ್ತು.

"ಯಾಕೇ, ಮುಖ ಹೀಗೆ ಬಿಳಿಚಿಕೊಂಡಿತು?"

ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಹೇಳಿ ಮುಗಿಸಿದ ಮೇಲೆ ಹೊಸದೊಂದು ದಾರಿ ತಾನಾಗಿ ಕಂಡಿತು.

"ನಾಳೆಯಿಂದ ಎರಡು ಕೈಗೂ ಗ್ಲೌಸ್ ಹಾಕ್ತೀನಿ ರೀ. ಮುಲಾಮು ಬಿಡ್ತೀನಿ. ಇನ್ನೊಂದೆರಡು ವಾರಕ್ಕೆ ಎಲ್ಲ ತನ್ನಷ್ಟಕ್ಕೆ ಸರಿಹೋಗುತ್ತೆ. ಯಾರಿಗೂ ಗೊತ್ತಾಗೋಲ್ಲ."

"ಆ ಹುಡುಗಿ?"

"ಅವಳಿಗೆ... ಬೇರೆ ಅಧ್ಯಾಯ ಕೊಡಬಹುದು."

ಯಜಮಾನರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹಿಂದೊಂದು ಸಲ ಬಸ್ಸು ಹಿಂದಕ್ಕೆ ತೆಗೆಯೋವಾಗ ಕಂಬಕ್ಕೆ ಗುದ್ದಿಸಿದೆನಲ್ಲ, ನೆನಪಿದೆಯಾ? ಕಂಡಕ್ಟರ್ ವಿಸಿಲ್ ತಪ್ಪಾಗಿ ಹೊಡೆದ ಅಂತ ಬರೆದುಕೊಟ್ಟೆ. ಅವನು ಸರಿಯಾಗೇ ಹೊಡೆದಿದ್ದ. ನಾನು ನೋಡಿರಲಿಲ್ಲ. ನನ್ನ ದಾಖಲೆ ಇವತ್ತಿಗೂ ಶುಭ್ರವಾಗಿದೆ, ಗೋಡೆ ಮೇಲೆ ಪದಕವೂ ಇದೆ. ಹನ್ನೊಂದು ವರ್ಷ ಆಯ್ತು. ಆ ಕಂಡಕ್ಟರ್ ಎದುರಿಗೆ ಬಂದರೆ ನಾನು ರಸ್ತೆಯ ಆ ಕಡೆಗೆ ದಾಟ್ತೀನಿ."

ದೊಡ್ಡಕ್ಕ ಗೋಡೆಯ ಮೇಲಿನ ಪದಕವನ್ನು ನೋಡಿದಳು. ಅದನ್ನು ಇವರು ಒಂದು ದಿನವೂ ಒರೆಸಿದ್ದನ್ನು ಅವಳು ಕಂಡಿರಲಿಲ್ಲ. ಯಾಕೆಂದು ಈಗ ತಿಳಿಯಿತು.

ಆದರೆ ಅವಳು ದೊಡ್ಡಕ್ಕ. ಬರೀ ತಪ್ಪಾಯ್ತು ಎಂದು ಕೈಮುಗಿದು ಬರುವುದು ಅವಳ ಜಾಯಮಾನವಲ್ಲ. ಮೇಡಂ ಇಪ್ಪತ್ತಾರು ವರ್ಷದಿಂದ ವಿದ್ಯಾರ್ಥಿಗಳಿಗೆ ಹೇಳುವ ಒಂದು ಮಾತು ಅವಳಿಗೂ ಬಾಯಿಪಾಠವಾಗಿತ್ತು: ಅನಿಸಿದ್ದನ್ನು ಹೇಳಬೇಡಿ, ತೋರಿಸಿ.

ಸೋಮವಾರ ಎಲ್ಲರಿಗಿಂತ ಮೊದಲು ಬಂದಳು. ಆರು ಬಾಟಲಿ ತೊಳೆದಳು. ಎರಡಕ್ಕೆ ಹೊಸ ಗ್ಲೌಸಿನ ಕೈ ಮಾತ್ರ ತಾಗಿಸಿದಳು. ಎರಡಕ್ಕೆ ಎಡಗೈಯ ಬರಿ ಹೆಬ್ಬೆರಳು. ಆ ಕೈಗೆ ಕಜ್ಜಿಯೂ ಇಲ್ಲ, ಮುಲಾಮು ಹಚ್ಚಿದ್ದೂ ಇಲ್ಲ. ಆದರೂ ಮೂರು ಸಲ ತೊಳೆದುಕೊಂಡೇ ತಿರುಗಿಸಿದಳು. ಗಾಜು ಎಂದಿನಂತೆ ಕಿರ್ರ್ ಎಂದಿತು. ಕೊನೆಯ ಎರಡಕ್ಕೆ ಬಲಗೈಗೆ ಮುಲಾಮು ಹಚ್ಚಿಕೊಂಡು ಹೆಬ್ಬೆರಳು ತಿರುಗಿಸಿದಳು. ಆಮೇಲೆ ಆರಕ್ಕೂ ಬೇಕಾಬಿಟ್ಟಿ ನಂಬರ್ ಬರೆದು, ಯಾವ ನಂಬರ್ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿದಳು.

ಅದನ್ನು ಸೀದಾ ಮೇಡಂ ಕೈಗೆ ಕೊಟ್ಟಳು. "ಗುರುವಾರ ಗುಂಗಿಯ ಫಲಿತಾಂಶ ಬಂದ ಮೇಲೆ ಇದನ್ನ ಒಡೀರಿ ಮೇಡಂ. ಅಲ್ಲಿಯವರೆಗೆ ಏನೂ ಕೇಳಬೇಡಿ." ಲಕೋಟೆ ಅವಳ ಕೈ ದಾಟಿತು. ಇನ್ನು ಹಿಂದೆ ಹೋಗುವಂತಿರಲಿಲ್ಲ.

ಗುಂಗಿಯ ಹತ್ತಿರ ಹೋಗುವುದೇ ಹೆಚ್ಚು ಕಷ್ಟವಾಯಿತು. "ಇಗೋ, ಆರು ಬಾಟಲಿ. ನಿನ್ನ ಕೋಶಗಳು ತಯಾರಿದಾವಲ್ಲ? ಔಷಧಿ ಹಾಕಬೇಡ. ಇದರಲ್ಲಿ ಊಟ ತುಂಬಿ, ಬರೀ ಅದನ್ನೇ ಕೊಡು. ಆಮೇಲೆ ಆ ಸ್ಟೀರಾಯ್ಡ್ ಜೀನ್ ಅಳತೆ ಮಾಡು."

"ಯಾವುದರಲ್ಲಿ ಏನಿದೆ ದೊಡ್ಡಕ್ಕ?"

"ಹೇಳಿದರೆ ನಿನ್ನ ಕೈ ಅದೇ ಕಡೆ ವಾಲುತ್ತೆ. ಸುಮ್ಮನೆ ಮಾಡೇ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಗುನುಗಿಕೊಂಡೇ ಮಾಡು."

ಆ ಮೂರು ದಿನ ದೊಡ್ಡಕ್ಕ ಹೇಗೆ ಕಳೆದಳೋ ಅವಳಿಗೇ ಗೊತ್ತು. ಸೋಮವಾರ ಮಧ್ಯಾಹ್ನ ಕೋಶಗಳಿಗೆ ಊಟ ಹೋಯಿತು, ಮಂಗಳವಾರ ಕೋಶಗಳನ್ನು ಒಡೆದದ್ದಾಯಿತು, ಬುಧವಾರ ಯಂತ್ರ ಗರಗರ ತಿರುಗಿತು. ಮುಲಾಮು ಬಿಟ್ಟ ಕೈ ಮತ್ತೆ ಕೆಂಪೇರಿ ತುರಿಸುತ್ತಿತ್ತು. ಅವಳಿಗೆ ಅದರ ಮೇಲೆ ಸಿಟ್ಟೇ ಬರಲಿಲ್ಲ. ಎರಡು ಕೈಗೂ ಗ್ಲೌಸ್ ಹಾಕಿ ತೊಳೆದಳು. ಗ್ಲೌಸಿನೊಳಗಿಂದ ಗಾಜಿನ ಮಾತು ಕೇಳುತ್ತಿರಲಿಲ್ಲ, ಕಿವುಡಿಯಾದ ಹಾಗಿತ್ತು.

ಗುರುವಾರ ಹನ್ನೊಂದಕ್ಕೆ ಎಲ್ಲರೂ ಮೇಜಿನ ಸುತ್ತ ಸೇರಿದರು. ಗುಂಗಿ ಬೋರ್ಡಿನ ಮೇಲೆ ಬಾಟಲಿಗೊಂದರಂತೆ, ಆ ಜೀನ್ ಏರಿದಷ್ಟು ಎತ್ತರದ ಆರು ಕಂಬ ಬರೆದಳು. ಒಂದು, ಎರಡು, ನಾಲ್ಕು, ಆರು ನೆಲಬಿಟ್ಟು ಏಳಲೇ ಇಲ್ಲ. ಮೂರು ಮತ್ತು ಐದು ಬೋರ್ಡಿನ ತುದಿ ಮುಟ್ಟಿದವು.

ಮೇಡಂ ಲಕೋಟೆ ಒಡೆದರು. ಚೀಟಿಯ ಮೇಲೆ ಒಮ್ಮೆ ಕಣ್ಣಾಡಿಸಿ, ಗಟ್ಟಿಯಾಗಿ ಓದಿದರು.

"ಒಂದು, ಆರು: ಗ್ಲೌಸ್. ಎರಡು, ನಾಲ್ಕು: ಬರಿ ಹೆಬ್ಬೆರಳು. ಮೂರು, ಐದು: ನನ್ನ ಬಲಗೈ ಹೆಬ್ಬೆರಳು, ಕಜ್ಜಿಗೆ ಹಚ್ಚೋ ಸ್ಟೀರಾಯ್ಡ್ ಮುಲಾಮಿನ ಜೊತೆ. ಎರಡು ತಿಂಗಳಿಂದ ಹಚ್ಚುತ್ತಿದ್ದೇನೆ, ಯಾರಿಗೂ ಹೇಳಿಲ್ಲ. ತಪ್ಪು ಗುಂಗಿಯದಲ್ಲ, ನನ್ನದು."

ದೊಡ್ಡಕ್ಕ ಗೋಡೆಗೊರಗದೆ ನೆಟ್ಟಗೆ ನಿಂತಿದ್ದಳು. ಬಲಗೈಯನ್ನು ಸೆರಗಿನಡಿ ಅಡಗಿಸಿಕೊಳ್ಳಬೇಕೆಂದು ಅನ್ನಿಸಿತು, ಅಡಗಿಸಲಿಲ್ಲ.

ಮೇಡಂ ಪೆನ್ನು ತೆಗೆದು ಚೀಟಿಯ ಹಿಂದೆ ಲೆಕ್ಕ ಹಾಕಿದರು. "ಅರ್ಧ ಸಾಸಿವೆ ಕಾಳಿನಷ್ಟು ಮುಲಾಮು. ಅದರಲ್ಲಿ ಸಾವಿರಕ್ಕೊಂದು ಭಾಗ ಔಷಧಿ. ಅದು ಅರ್ಧ ಲೀಟರಿಗೆ... ಸಾಕು. ಸ್ಟೀರಾಯ್ಡ್ ರಿಸೆಪ್ಟರ್ ಏಳೋದಕ್ಕೆ ಅಷ್ಟೇ ಸಾಕು." ತಲೆಯೆತ್ತಿದರು. ಮೊದಲು ನೋಡಿದ್ದು ದೊಡ್ಡಕ್ಕನನ್ನಲ್ಲ. "ಗುಂಗಿ, ಶಿಸ್ತಿಲ್ಲ ಅಂದಿದ್ದೆ. ನನ್ನ ಮಾತು ವಾಪಸ್ ತಗೊಂಡೆ. ಬೇಡದ ಹತ್ತು ಜೀನ್ ಅಳೆಯೋ ಬುದ್ಧಿ ಈ ಕೋಣೆಯಲ್ಲಿ ಬೇರೆ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ." ಆಮೇಲೆ ದೊಡ್ಡಕ್ಕನ ಕಡೆ ತಿರುಗಿದರು. "ನಿಯಮದ ಹಾಳೆ ನೀವೇ ಅಂಟಿಸಿದ್ದು."

"ಹೌದು ಮೇಡಂ. ಏನು ಶಿಕ್ಷೆ ಕೊಡ್ತೀರೋ ಕೊಡಿ."

"ಕೈ ವಾಸಿಯಾಗೋವರೆಗೆ ತೊಟ್ಟಿ ಹತ್ತಿರ ಸುಳಿಯಬಾರದು. ಆ ಸೋಪು ಇವತ್ತೇ ವಾಪಸ್ ಹೋಗುತ್ತೆ." ಮೇಡಂ ಚೀಟಿಯನ್ನು ಮತ್ತೊಮ್ಮೆ ನೋಡಿದರು. "ಒಂದು ಕೇಳ್ತೀನಿ. ಮುಲಾಮು, ಗ್ಲೌಸ್, ಎರಡೇ ಸಾಕಾಗಿತ್ತು. ನಡುವೆ ಬರಿ ಹೆಬ್ಬೆರಳು ಯಾಕೆ ಹಾಕಿದ್ರಿ?"

"ಅದಿಲ್ಲದಿದ್ದರೆ ಕೆಡಿಸಿದ್ದು ಮುಲಾಮೋ ಹೆಬ್ಬೆರಳೋ ಹೇಗೆ ಗೊತ್ತಾಗಬೇಕು ಮೇಡಂ?"

ಮೇಡಂ ನಕ್ಕುಬಿಟ್ಟರು. ತಿಂಗಳುಗಳ ನಂತರ ಆ ಮೇಜಿನ ಸುತ್ತ ಕೇಳಿದ ನಗು ಅದು. "ನೋಡ್ಕೊಳ್ಳಿ. ಇವರಿಗೆ ಪಿಎಚ್‌ಡಿ ಇಲ್ಲ" ಎಂದು ಎಲ್ಲರಿಗೂ ಹೇಳಿದರು.

ಸಭೆ ಮುಗಿದ ಮೇಲೆ ಗುಂಗಿ ಅವಳ ಹತ್ತಿರ ಬಂದಳು. ದೊಡ್ಡಕ್ಕನಿಗೆ ಮೂರು ದಿನದಿಂದ ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು.

"ಎಲ್ಲರೆದುರು ನಿನ್ನ ಮೇಲೆ ಹಾಕಿಬಿಟ್ಟೆ ಕಣೇ."

"ಎಲ್ಲರೆದುರೇ ತೆಗೆದ್ರಲ್ಲ" ಎಂದಳು ಗುಂಗಿ. ಅವಳ ಬಲಗೈ ಹಿಡಿದು, ಬಿರಿದ ಬೆರಳುಗಳನ್ನು ನೋಡಿ, "ಅಯ್ಯೋ, ಇಷ್ಟು ನೋವಿಟ್ಟುಕೊಂಡು ನನಗೆ ಎರಡೆರಡು ಸಲ ತೊಳೆದ್ರಾ?" ಎಂದಳು. ಆಗ ಮಾತ್ರ ದೊಡ್ಡಕ್ಕನ ಕಣ್ಣು ತುಂಬಿ ಬಂತು.

ಶುಕ್ರವಾರ ಸಮಿತಿಯ ಮುಂದೆ ಗುಂಗಿ ಆ ಕಂಬಗಳನ್ನೂ ತೋರಿಸಿದಳು. ಸಮಿತಿಯಲ್ಲಿದ್ದ ಮುದುಕ ಪ್ರೊಫೆಸರರು ಅಧ್ಯಾಯವನ್ನು ಒಪ್ಪಿದ್ದಷ್ಟೇ ಅಲ್ಲ, ಕೊಬ್ಬಿನ ರಿಸೆಪ್ಟರ್ ಮತ್ತು ಸ್ಟೀರಾಯ್ಡ್ ರಿಸೆಪ್ಟರ್ ಎರಡೂ ಒಟ್ಟಿಗೆ ಎದ್ದರೆ ಕೋಶ ಯಾರ ಮಾತು ಕೇಳುತ್ತದೆ ನೋಡು ಎಂದು ಹೊಸ ಕೆಲಸವನ್ನೂ ಹಚ್ಚಿದರು. ಕಾರಿಡಾರಿನಲ್ಲಿ ಗುಂಯ್ ಎಂಬ ಸದ್ದು ಕೇಳಿದಾಗ ದೊಡ್ಡಕ್ಕನಿಗೆ ಸುದ್ದಿ ತಿಳಿಯಿತು.

ಸಂಜೆ ಗುಂಗಿ ಆ ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಅಚ್ಚುಹಾಕಿ ಕೊಟ್ಟಳು. ಆರು ಕಂಬಗಳನ್ನು ಸೇರಿಸಿ ಮೂರು ಮಾಡಿದ್ದಳು. ಪ್ರಬಂಧದಲ್ಲೂ ಇದು ಹೀಗೇ ಬರುತ್ತದೆಂದಳು. ದೊಡ್ಡಕ್ಕ ಅದನ್ನು ಮಡಿಚದೆ, ಸುರುಳಿ ಸುತ್ತದೆ, ಬಸ್ಸಿನಲ್ಲಿ ಎರಡು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ತಂದಳು. ಯಜಮಾನರು ಗೋಡೆಯಿಂದ ತಮ್ಮ ಪದಕ ಇಳಿಸಿ, ಅದೇ ಮೊಳೆಗೆ ಹಾಳೆ ತೂಗುಹಾಕಿದರು. ಪದಕವನ್ನು ಕಪಾಟಿನೊಳಗೆ ಇಟ್ಟು, "ನಾಳೆ ಆ ಕಂಡಕ್ಟರ್ ಮನೆ ಕಡೆ ಹೋಗಿ ಬರ್ತೀನಿ" ಎಂದರು, ಅವಳ ಮುಖ ನೋಡದೆ.

ಆಮೇಲೆ ಕನ್ನಡಕ ಏರಿಸಿ ಹಾಳೆಯ ಮುಂದೆ ನಿಂತರು.

"ಇದು, ಆಕಾಶ ಮುಟ್ಟಿರೋದು ನಿಂದಾ?"

"ಅದು ನನ್ನ ತಪ್ಪು."

"ಮತ್ತೆ ನಿಂದು ಯಾವುದೇ?"

ದೊಡ್ಡಕ್ಕ ಬಿರಿದ ಬಲಗೈ ಹೆಬ್ಬೆರಳನ್ನು ನಡುವಿನ ಜಾಗಕ್ಕೆ ತಂದು, ಹಾಳೆಗೆ ತಾಗದಂತೆ ತೋರಿಸಿದಳು. ಕೆಳಗೆ 'ಬರಿ ಹೆಬ್ಬೆರಳು' ಎಂದು ಬರೆದಿತ್ತು. ಯಜಮಾನರು ಬಗ್ಗಿ, ಇನ್ನೂ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಇಲ್ಲಿ ಏನೂ ಕಾಣಿಸ್ತಾನೇ ಇಲ್ಲವಲ್ಲೇ."

"ಹೂಂ ರೀ," ಎಂದಳು ದೊಡ್ಡಕ್ಕ. ಈ ಸಲ ಅವಳು ತಲೆ ತಗ್ಗಿಸಲಿಲ್ಲ, ನಗುವನ್ನೂ ಅಡಗಿಸಲಿಲ್ಲ. "ಇಪ್ಪತ್ತಾರು ವರ್ಷ ನಾನು ಅದನ್ನೇ ಮಾಡಿದ್ದು."